ಒರ್ಫಳ ಡೈಲಾಗು

ಚರ್ಚಿನ ಸಭೆಯ ಹೆಂಗಸರು ಪ್ರತಿ ಗುರುವಾರ ಸಂಜೆ ಪಾಸ್ಟರ್ ಮನೆಯ ಮುಂದಿನ ಕೋಣೆಯಲ್ಲಿ ಸೇರಿ ಕಾದಂಬರಿ ಓದುತ್ತಿದ್ದರು. ಕೈಗೆ ಸಿಕ್ಕಿದ ಕಾದಂಬರಿಯಲ್ಲ. ಬೈಬಲಿನಲ್ಲಿ ಬರುವ ಹೆಂಗಸರನ್ನು ಹಿಡಿದು ಯಾರಾದರೂ ಕಲ್ಪಿಸಿ ಬರೆದ ಕಾದಂಬರಿಗಳು ಮಾತ್ರ. ಬೈಬಲಿನಲ್ಲಿ ಎರಡು ಸಾಲಿನಲ್ಲಿ ಬಂದುಹೋಗುವ ಹೆಂಗಸಿಗೆ ಈ ಪುಸ್ತಕಗಳಲ್ಲಿ ಮುನ್ನೂರು ಪುಟ, ಒಬ್ಬ ಗೆಳತಿ, ಒಂದು ಬಾವಿಕಟ್ಟೆ ಮತ್ತು ಬಾಲ್ಯದಲ್ಲೊಂದು ದುಃಖ ಸಿಗುತ್ತಿತ್ತು. ಪಾಸ್ಟರಮ್ಮನಿಗೆ ಇವೆಂದರೆ ಪ್ರಾಣ. ಪಾಸ್ಟರ್‌ಗೆ ಒಳಗೊಳಗೇ ದಿಗಿಲು. ಹಾಗಾಗಿ ಗಂಡಹೆಂಡಿರ ನಡುವೆ ಒಂದು ಒಪ್ಪಂದವಾಗಿತ್ತು: ಪುಸ್ತಕ ಮುಗಿದ ದಿನ ಪ್ರತಿಯೊಬ್ಬಳೂ ಅದರಿಂದ ವಿಶ್ವಾಸಕ್ಕೆ ಬೇಕಾದ ಒಂದು ಪಾಠ ತೆಗೆದು ಹೇಳಬೇಕು. ಪಾಠ ಸಿಕ್ಕರೆ ಓದಿದ್ದು ಧ್ಯಾನ, ಸಿಗದಿದ್ದರೆ ಕಾಲಹರಣ.

ಪಾಠ ಸಿಗದ ದಿನವೇ ಇರಲಿಲ್ಲ. ಔಷಧಿ ಅಂಗಡಿಯ ಅಕ್ಕ ಇದರಲ್ಲಿ ಎತ್ತಿದ ಕೈ. ಉಪ್ಪಿನ ಕಂಬವಾಗಿಹೋದ ಲೋಟನ ಹೆಂಡತಿಯ ಕಾದಂಬರಿ ಮುಗಿದು ಉಳಿದವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದಾಗ ಅವಳು, "ಉಪ್ಪು ಕಮ್ಮಿ ಮಾಡ್ಬೇಕು" ಎಂದಳು. ಕಿಟಕಿಯಿಂದ ಕೆಳಗೆ ತಳ್ಳಿಸಿಕೊಂಡು ಸತ್ತ ಈಜೆಬೆಲಳ ಕಾದಂಬರಿಯಿಂದ ಅವಳು ತೆಗೆದ ಪಾಠ, ಮಹಡಿಯ ಕಿಟಕಿಗೆ ಸರಳು ಹಾಕಿಸಬೇಕು ಎಂಬುದು. ಸ್ನಾನ ಮಾಡುವಾಗ ಅರಸನ ಕಣ್ಣಿಗೆ ಬಿದ್ದ ಬತ್ಷೆಬೆಯ ಕಾದಂಬರಿಯಿಂದ, ಬಚ್ಚಲಿಗೆ ಪರದೆ. ಹಲ್ಲಿನ ಡಾಕ್ಟರ ಹೆಂಡತಿಗೆ ಇಷ್ಟು ತಲೆನೋವು ಬೇಕಿರಲಿಲ್ಲ. ಯಾವ ಪುಸ್ತಕ ಮುಗಿದರೂ "ತಾಳ್ಮೆ" ಎಂದು ಒಂದೇ ಮಾತಿನಲ್ಲಿ ಹೇಳಿ, ಎಲ್ಲರಿಗಿಂತ ಮೊದಲು ಬಿಸ್ಕತ್ತಿನ ತಟ್ಟೆಗೆ ಕೈ ಹಾಕುತ್ತಿದ್ದಳು.

ಇಸ್ತ್ರಿ ಅಮ್ಮ ಮಾತ್ರ ಪಾಠ ಹೇಳುವ ಮೊದಲು ಪುಸ್ತಕವನ್ನು ಝಾಡಿಸುತ್ತಿದ್ದಳು. ಸಭೆಯ ಹಿಂದಿನ ಬೀದಿಯಲ್ಲಿ ಅವಳ ಇಸ್ತ್ರಿ ಅಂಗಡಿ. ಪಾಸ್ಟರ್ ನಿಲುವಂಗಿಯಿಂದ ಹಿಡಿದು ಬ್ಯಾಂಕಿನ ಗುಮಾಸ್ತನ ಪ್ಯಾಂಟಿನವರೆಗೆ ಎಲ್ಲದರ ಗೆರೆ ನಿಂತಿದ್ದು ಅವಳ ಕೈಯಲ್ಲಿ. ಊರಿನ ಅರ್ಧ ಸಭೆಗೆ ಸಂಡೇ ಸ್ಕೂಲಿನಲ್ಲಿ ಬೈಬಲ್ ಕಲಿಸಿದವಳೂ ಅವಳೇ. ಆದ್ದರಿಂದ ಕಾದಂಬರಿಯಲ್ಲಿ ಯಾವ ವಿವರ ಬಂದರೂ, "ಇದು ಬೈಬಲ್‌ನಲ್ಲಿ ಎಲ್ಲಿದೆ?" ಎಂದು ಕೇಳುವ ಹಕ್ಕು ತನಗಿದೆ ಎಂದು ಅವಳು ತಿಳಿದಿದ್ದಳು. ಪಾಸ್ಟರಮ್ಮ, "ಇದು ಕಥೆ ಅಮ್ಮಾ" ಎನ್ನುತ್ತಿದ್ದರು. "ಕಥೆ ಅಂದ್ರೆ ಸುಳ್ಳು ತಾನೇ?" ಎನ್ನುತ್ತಿದ್ದಳು ಇಸ್ತ್ರಿ ಅಮ್ಮ. ಅಷ್ಟು ಹೇಳಿ ಮುಂದಿನ ಗುರುವಾರ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದಳು.

ಆ ಸಲ ಪಾಸ್ಟರಮ್ಮ ತಂದದ್ದು ಒರ್ಫಳ ಕಾದಂಬರಿ. ಒರ್ಫಳೆಂದರೆ ರೂತಳ ವಾರಗಿತ್ತಿ. ನೊವೊಮಿ ಎಂಬ ಹೆಂಗಸಿನ ಇಬ್ಬರು ಗಂಡುಮಕ್ಕಳೂ ಸತ್ತಾಗ, ಒಬ್ಬ ಸೊಸೆ ರೂತ್ ಅತ್ತೆಯನ್ನು ಬಿಡಲೊಲ್ಲದೆ ಅವಳ ಹಿಂದೆ ಹೊರಟಳು. ಇನ್ನೊಬ್ಬಳು ಒರ್ಫ ತಿರುಗಿ ತವರಿಗೆ ಹೋದಳು. ರೂತಳ ಹೆಸರಿನಲ್ಲಿ ಬೈಬಲಿನಲ್ಲೊಂದು ಪುಸ್ತಕವೇ ಇದೆ. ಒರ್ಫಳನ್ನು ಅದಾದ ಮೇಲೆ ಯಾರೂ ವಿಚಾರಿಸಲಿಲ್ಲ.

ಇದನ್ನು ಈಗಲೇ ತಂದದ್ದು ಕಾಕತಾಳೀಯ ಎಂದರು ಪಾಸ್ಟರಮ್ಮ. ಅವರ ಬದುಕಿನಲ್ಲಿ ಕಾಕತಾಳೀಯಗಳು ಬಹಳ. ಎಲ್ಲವನ್ನೂ ಅವರೇ ಏರ್ಪಡಿಸುತ್ತಿದ್ದರು. ಇಸ್ತ್ರಿ ಅಮ್ಮನ ಸೊಸೆಗೆ ಮತ್ತೆ ಮದುವೆ ಗೊತ್ತಾಗಿರುವ ವಿಷಯ ಅಷ್ಟು ಹೊತ್ತಿಗೆ ಸಭೆಯಲ್ಲಿ ಎಲ್ಲರಿಗೂ ತಿಳಿದಿತ್ತು.

ಇಸ್ತ್ರಿ ಅಮ್ಮನಿಗೆ ಒಬ್ಬನೇ ಮಗ. ಚೆನ್ನಾಗಿದ್ದವನು ಒಂದು ಬೆಳಿಗ್ಗೆ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದವನು ಮತ್ತೆ ಏಳಲಿಲ್ಲ. ಅವನು ಹೋದ ಮೇಲೂ ಸೊಸೆ ಎರಡು ವರ್ಷ ಅತ್ತೆಯ ಜೊತೆಯೇ ಇದ್ದಳು. ಅಂಗಡಿಯಲ್ಲಿ ಎರಡು ಮೇಜು, ಎರಡು ಇಸ್ತ್ರಿಪೆಟ್ಟಿಗೆ. ಇಬ್ಬರೂ ಎದುರುಬದುರು ನಿಂತು, ಒಬ್ಬಳು ಅಂಗಿ ಒಬ್ಬಳು ಸೀರೆ, ಹೊತ್ತು ಮುಳುಗುವವರೆಗೆ ಕೆಲಸ ಮಾಡುತ್ತ ಅವನ ಮಾತಾಡುತ್ತಿದ್ದರು. ಅವನ ಗೊರಕೆ, ಅವನ ಪುಕ್ಕಲುತನ, ಬಟನ್ ಕಿತ್ತುಹೋದರೆ ಪಿನ್ನು ಚುಚ್ಚಿಕೊಂಡು ಹೋಗುತ್ತಿದ್ದ ಅವನ ಸೋಮಾರಿತನ. ಒಂದು ದಿನ ಸೊಸೆ, ಬಸ್ ನಿಲ್ದಾಣದಲ್ಲಿ ಕೆಲಸ ಸಿಕ್ಕಿದೆ, ಅಮ್ಮನ ಮನೆಯಿಂದ ಹತ್ತಿರ, ಅಲ್ಲಿಗೇ ಹೋಗಿ ಇರುತ್ತೇನೆ ಎಂದಳು.

ಇಸ್ತ್ರಿ ಅಮ್ಮ ಮಡಿಸುತ್ತಿದ್ದ ಅಂಗಿಯಿಂದ ಕಣ್ಣೆತ್ತಲಿಲ್ಲ. "ಹೋಗಮ್ಮ. ಒರ್ಫಳೂ ಹೀಗೇ ಹೋದ್ಲು. ಏನಂದು ಹೋದ್ಲು ಅಂತ ನಿನಗೆ ಗೊತ್ತಲ್ಲ?" ಎಂದಳು.

ಸೊಸೆಗೆ ಗೊತ್ತಿತ್ತು. ಅವಳೂ ಚಿಕ್ಕವಳಿದ್ದಾಗ ಇದೇ ಅಮ್ಮನ ಸಂಡೇ ಸ್ಕೂಲಿನಲ್ಲಿ ಕಲಿತವಳು. ಅಲ್ಲಿ ಪ್ರತಿ ವರ್ಷ ರೂತಳ ನಾಟಕ ಆಡಿಸುತ್ತಿದ್ದರು. ಒಳ್ಳೆಯ ಹುಡುಗಿಗೆ ರೂತಳ ಪಾತ್ರ. ತರಗತಿಯಲ್ಲಿ ಎಲ್ಲರಿಗಿಂತ ತರಲೆ ಹುಡುಗಿಗೆ ಕಪ್ಪು ಮುಸುಕು ಹೊದಿಸಿ ಒರ್ಫಳ ಪಾತ್ರ. ಒರ್ಫ ಬಟ್ಟೆಗಂಟನ್ನು ನೆಲಕ್ಕೆ ಎಸೆದು, "ಈ ಮುದುಕಿಯ ಭಾರ ನನಗ್ಯಾಕೆ? ನನ್ನ ದಾರಿ ನನಗೆ!" ಎಂದು ಕೂಗಿ, ಕಾಲು ಅಪ್ಪಳಿಸುತ್ತ ಪರದೆಯ ಹಿಂದಕ್ಕೆ ಹೋಗಬೇಕು. ಕೂತ ಜನ ಆಗ "ಥೂ" ಎನ್ನುತ್ತಿದ್ದರು. ಅದು ಇಡೀ ನಾಟಕದಲ್ಲಿ ಜನಕ್ಕೆ ಇಷ್ಟವಾದ ಜಾಗ.

ಸೊಸೆ ತನ್ನ ಬಟ್ಟೆಯ ಪೆಟ್ಟಿಗೆ ತೆಗೆದುಕೊಂಡು ಹೋದಳು. ಎರಡು ವರ್ಷವಾದ ಮೇಲೆ, ಆ ಕಾದಂಬರಿ ಬರುವ ಹಿಂದಿನ ವಾರ, ಅಂಗಡಿಯ ಮೆಟ್ಟಿಲ ಕೆಳಗೆ ಬಂದು ನಿಂತಳು. ಮುಂದಿನ ತಿಂಗಳ ಮೊದಲ ಶನಿವಾರ ಮದುವೆ. ಹುಡುಗ ಲಿಫ್ಟ್ ರಿಪೇರಿ ಮಾಡುವವನು.

"ನೀವು ಬರ್ಬೇಕು ಅತ್ತೆ. ಬಂದು ಅಮ್ಮನ ಪಕ್ಕ ಕೂತ್ಕೋಬೇಕು" ಎಂದಳು.

"ನೋಡೋಣ" ಎಂದಳು ಇಸ್ತ್ರಿ ಅಮ್ಮ. ನೋಡೋಣ ಎಂದರೆ ಏನೆಂದು ಅವಳ ಬಳಿ ಬಟ್ಟೆ ಕೊಡುವವರಿಗೆಲ್ಲ ಗೊತ್ತು.

ಅವಳಿಗೆ ಹೋಗಲು ಮನಸ್ಸಿರಲಿಲ್ಲ. ಹೋಗದಿದ್ದರೆ ಏನಾಗುತ್ತದೆ ಎಂಬುದೂ ಅವಳಿಗೆ ತಿಳಿದಿತ್ತು. ಆ ಹುಡುಗಿ ಇನ್ನೊಂದು ಸಲ ಮೆಟ್ಟಿಲ ಕೆಳಗೆ ಬಂದು ನಿಲ್ಲುವುದಿಲ್ಲ. ಮಗನ ಗೊರಕೆಯ ಸದ್ದನ್ನು ನೆನಪಿಟ್ಟುಕೊಂಡವರು ಲೋಕದಲ್ಲಿ ಇಬ್ಬರೇ ಇದ್ದರು. ಆಮೇಲೆ ಅವರು ಒಬ್ಬರಿಗೊಬ್ಬರು ಯಾರೂ ಅಲ್ಲ. ಇಷ್ಟೆಲ್ಲ ಗೊತ್ತಿದ್ದೂ ಅವಳ ಕೋಪ ಒಂದು ಇಂಚು ಅಲ್ಲಾಡಲಿಲ್ಲ. ಕೋಪಕ್ಕೆ ಬೈಬಲಿನ ಆಧಾರ ಇದ್ದರೆ ಅದು ಅಷ್ಟು ಸುಲಭಕ್ಕೆ ಅಲ್ಲಾಡುವುದಿಲ್ಲ.

ಕಾದಂಬರಿಯ ಒರ್ಫಳಂತೂ ಇಸ್ತ್ರಿ ಅಮ್ಮನ ಮೈ ಉರಿಸಿದಳು. ಅವಳು ತವರಿನ ದಾರಿಯಲ್ಲಿ ಬಾವಿಕಟ್ಟೆಯ ಮೇಲೆ ಕೂತು ಅಳುತ್ತಾಳೆ. ಒಬ್ಬ ಕುಂಬಾರನನ್ನು ಮದುವೆಯಾಗುತ್ತಾಳೆ. ಹುಟ್ಟಿದ ಮೊದಲ ಮಗಳಿಗೆ ಅತ್ತೆಯ ಹೆಸರಿಡುತ್ತಾಳೆ. ಪುಸ್ತಕ ಮುಗಿಯುವ ಗುರುವಾರ ಪಾಸ್ಟರಮ್ಮ ಈ ಕೊನೆಯ ಭಾಗವನ್ನು ಗಟ್ಟಿಯಾಗಿ ಓದಿದರು. ಹಲ್ಲಿನ ಡಾಕ್ಟರ ಹೆಂಡತಿ ಬಿಸ್ಕತ್ತನ್ನು ಮರೆತಳು.

"ನಿಲ್ಲಿಸಿ. ಇದೆಲ್ಲ ಎಲ್ಲಿದೆ?" ಎಂದಳು ಇಸ್ತ್ರಿ ಅಮ್ಮ.

"ಕಥೆ ಅಮ್ಮಾ…"

"ಕಥೆ ಕಟ್ಟೋಕೂ ಒಂದು ಮಿತಿ ಇರ್ಬೇಕು. ಅಳ್ತಾ ಕೂತ್ಲಂತೆ, ಅತ್ತೆ ಹೆಸರಿಟ್ಲಂತೆ! ಅವಳು ಏನಂದ್ಲು ಅಂತ ಬೈಬಲ್ ಬಾಯಿಬಿಟ್ಟು ಹೇಳಿಲ್ವಾ? ಈ ಮುದುಕಿಯ ಭಾರ ನನಗ್ಯಾಕೆ, ನನ್ನ ದಾರಿ ನನಗೆ ಅಂತ. ದೇವರ ವಾಕ್ಯದಲ್ಲಿ ಇರೋದನ್ನ ಈ ಪುಸ್ತಕದವರು ಅಳಿಸಿಬಿಡ್ತಾರಾ?"

ಒಬ್ಬಿಬ್ಬರ ಹೊರತು ಎಲ್ಲರೂ ತಲೆದೂಗಿದರು. ಪಾಸ್ಟರಮ್ಮನೂ ತಲೆ ತಗ್ಗಿಸಿ, ಹೌದು, ಆ ಮಾತೊಂದು ಇದೆಯಲ್ಲ ಎಂದುಕೊಂಡರು. ಎಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬಂದ ಮಾತು ಅದು.

ಮೂಲೆಯಲ್ಲಿ ಕೂತಿದ್ದ ಹೊಸ ನರ್ಸಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ಅವಳು ಬೇರೆ ಊರಿನಿಂದ ವರ್ಗವಾಗಿ ಬಂದವಳು. ಆ ನಾಟಕ ನೋಡಿದವಳಲ್ಲ. "ಎಷ್ಟನೇ ವಾಕ್ಯ ಅಮ್ಮಾ? ನನಗೆ ನೆನಪಿಲ್ಲ" ಎಂದಳು, ನಿಜವಾಗಿ ತಿಳಿದುಕೊಳ್ಳುವ ಆಸೆಯಿಂದ.

"ರೂತ್, ಒಂದನೇ ಅಧ್ಯಾಯ. ತೆಗಿ" ಎಂದಳು ಇಸ್ತ್ರಿ ಅಮ್ಮ.

ನರ್ಸ್ ತೆಗೆದಳು. ಬೆರಳಿಟ್ಟು ಓದುತ್ತ ಕೆಳಗೆ ಬಂದಳು. ಮತ್ತೆ ಮೇಲಿನಿಂದ ಬಂದಳು. ಎರಡನೇ ಅಧ್ಯಾಯ ನೋಡಿದಳು. ಪಾಸ್ಟರಮ್ಮ ತಮ್ಮ ಬೈಬಲ್ ತೆರೆದರು. ಡಾಕ್ಟರ ಹೆಂಡತಿ ಫೋನಿನಲ್ಲಿ ಹುಡುಕಿದಳು. ರೂತಳ ಪುಸ್ತಕ ಇರುವುದೇ ನಾಲ್ಕು ಅಧ್ಯಾಯ. ಒಂದು ವಾಕ್ಯ ಕಳೆದುಹೋಗುವಷ್ಟು ಜಾಗ ಅದರಲ್ಲಿಲ್ಲ. ಆದರೂ ಅವರು ಹಿಂದಿನ ಪುಸ್ತಕ, ಮುಂದಿನ ಪುಸ್ತಕ ಎರಡನ್ನೂ ಜಾಲಾಡಿದರು. ಕೊನೆಗೆ ಒಳಗಿನಿಂದ ಪಾಸ್ಟರನ್ನು ಕರೆದರು. ಅವರು ಆ ಮಾತಿನ ಮೇಲೆ ಎರಡು ಸಲ ಪ್ರಸಂಗ ಮಾಡಿದ್ದರು. ಕನ್ನಡಕ ಹಾಕಿಕೊಂಡು ಒಂದನೇ ಅಧ್ಯಾಯವನ್ನು ಓದಿ, ಕನ್ನಡಕ ತೆಗೆದು, "ಮೂಲ ಭಾಷೆಯಲ್ಲಿ ಇರಬಹುದು" ಎಂದು ಹೇಳಿ ಒಳಗೆ ಹೋದರು.

ಆಗ ಔಷಧಿ ಅಂಗಡಿಯ ಅಕ್ಕ ಗಂಟಲು ಸರಿಮಾಡಿಕೊಂಡಳು.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಅದು ನೀವೇ ಬರೆದಿದ್ದು."

"ಯಾರು?"

"ನೀವೇ. ನೀವು ಅದನ್ನ ಬರೆದ ವರ್ಷ ನಾನೇ ಒರ್ಫ. ಒರ್ಫಳಿಗೆ ಮಾತೇ ಇರಲಿಲ್ಲ, ಮುತ್ತಿಟ್ಟು ಹೋಗೋದಷ್ಟೇ. ನಮ್ಮಮ್ಮ ನಿಮ್ಮ ಹತ್ರ ಬಂದು ಜಗಳ ಆಡಿದ್ರು, ಎಲ್ಲರ ಮಕ್ಕಳಿಗೂ ಡೈಲಾಗ್ ಕೊಟ್ಟಿದ್ದೀರಿ, ನನ್ನ ಮಗಳೇನು ಮೂಗೀನಾ ಅಂತ. ನೀವು ಅಲ್ಲೇ ನಿಂತು, ತಗೋ, ಇದನ್ನ ಹೇಳು ಅಂದ್ರಿ. ಗಂಟು ಎಸೆಯೋದು ಮಾತ್ರ ನಾನೇ ಸೇರಿಸ್ಕೊಂಡಿದ್ದು. ಜನ ಥೂ ಅಂದ್ರಲ್ಲ, ಹತ್ತನೇ ತರಗತಿ ಮುಗಿಯೋವರೆಗೂ ನನ್ನನ್ನ ಎಲ್ಲರೂ ಒರ್ಫ ಅಂತಲೇ ಕರೀತಿದ್ರು."

ಇಸ್ತ್ರಿ ಅಮ್ಮನಿಗೆ ನೆನಪಾಯಿತು. ಆ ತಾಯಿಯ ಮುಖ, ಅವಳ ಕೈಯಲ್ಲಿದ್ದ ಕೊಡೆ, ಅವಳನ್ನು ಹೇಗಾದರೂ ಸಾಗಹಾಕಿದರೆ ಸಾಕು ಎಂಬ ತನ್ನ ಅವಸರ, ಎಲ್ಲವೂ. ಆ ವರ್ಷ ಬಾಯಿಗೆ ಬಂದದ್ದನ್ನು ಹೇಳಿಕೊಟ್ಟಿದ್ದಳು. ಮರುವರ್ಷ ಜನ ಅದನ್ನೇ ಕೇಳಿದರು. ಆಮೇಲಿನ ವರ್ಷಗಳಲ್ಲಿ ಅದು ಎಲ್ಲಿಂದ ಬಂತೆಂದು ಅವಳೂ ಕೇಳಿಕೊಳ್ಳಲಿಲ್ಲ.

ಪಾಠ ಹೇಳುವ ಹೊತ್ತಾಗಿತ್ತು. ಪಾಸ್ಟರಮ್ಮ ಮೆಲ್ಲನೆ ಡಾಕ್ಟರ ಹೆಂಡತಿಯ ಕಡೆ ನೋಡಿದರು. ಅವಳು "ತಾಳ್ಮೆ" ಎಂದಳು. ಈ ಸಲ ಅದು ಯಾರಿಗೆ ಹೇಳಿದ್ದೆಂದು ತಿಳಿಯಲಿಲ್ಲ. ಇಸ್ತ್ರಿ ಅಮ್ಮ ಪಾಠ ಹೇಳದೆ ಎದ್ದು ಹೋದಳು. ಗುರುವಾರದ ಓದಿನಲ್ಲಿ ಹಾಗೆ ಆದದ್ದು ಅದೇ ಮೊದಲು.

ಮರುದಿನ ಅಂಗಡಿ ತೆರೆದಳು, ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟಳು. ಆಮೇಲೆ ಅದನ್ನು ಆರಿಸಿ, ಸ್ಟೂಲು ಎಳೆದುಕೊಂಡು, ರೂತಳ ಒಂದನೇ ಅಧ್ಯಾಯವನ್ನು ಓದಲು ಕೂತಳು. ಕಲಿಸುವುದಕ್ಕೆಂದು ಓದಿ ಓದಿ, ಓದುವುದನ್ನೇ ಬಿಟ್ಟು ಎಷ್ಟೋ ಕಾಲವಾಗಿತ್ತು; ಬಾಯಿಪಾಠ ಬರುವುದನ್ನು ಯಾರು ಓದುತ್ತಾರೆ? ಬ್ಯಾಂಕಿನ ಗುಮಾಸ್ತ ಪ್ಯಾಂಟು ಕೇಳಲು ಬಂದ. "ಆಗಿಲ್ಲ" ಎಂದಳು. ಯಾವಾಗ ಆಗುತ್ತದೆ ಎಂದ. "ನೋಡೋಣ" ಎಂದಳು.

ಅಲ್ಲಿ ಬರೆದದ್ದು ಬೇರೆಯೇ ಇತ್ತು. ಹೋಗಿ ಎಂದವಳು ನೊವೊಮಿ. ಒಂದು ಸಲವಲ್ಲ, ಮತ್ತೆ ಮತ್ತೆ ಹೇಳಿದವಳು ಅವಳು. ಇಬ್ಬರು ಸೊಸೆಯರಿಗೂ, ನಿಮ್ಮ ತಾಯಿಯ ಮನೆಗೆ ಹೋಗಿ, ನಿಮಗೆ ಒಳ್ಳೆಯದಾಗಲಿ, ಮತ್ತೆ ಮದುವೆಯಾಗಿ ನೆಮ್ಮದಿಯಾಗಿರಿ ಎಂದು ಹರಸಿದವಳೂ ಅವಳೇ. ಒರ್ಫ ಅತ್ತಳು. ಬರುತ್ತೇನೆ ಎಂದಳು. ಬೇಡ ಎಂದಾಗ ಇನ್ನೊಂದು ಸಲ ಅತ್ತು, ಅತ್ತೆಗೆ ಮುತ್ತಿಟ್ಟು ಹೊರಟಳು. ಅಷ್ಟೇ. ಅವಳನ್ನು ಬೈದ ಒಂದಕ್ಷರ ಅಲ್ಲಿರಲಿಲ್ಲ. ಅತ್ತೆ ಹೇಳಿದ ಮಾತು ಕೇಳಿದವಳು ಅವಳೊಬ್ಬಳೇ ಎಂದರೂ ತಪ್ಪಾಗುತ್ತಿರಲಿಲ್ಲ.

ಇಸ್ತ್ರಿ ಅಮ್ಮನಿಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಆ ಕಾದಂಬರಿ ಬರೆದವರ ಮೇಲೆ ಸಿಟ್ಟು. ಬಾವಿಕಟ್ಟೆ ಸುಳ್ಳು, ಕುಂಬಾರ ಸುಳ್ಳು, ಮಗುವಿನ ಹೆಸರು ಸುಳ್ಳು. ಅಷ್ಟು ಸುಳ್ಳು ಹೇಳಿಯೂ ಅವರು ಬೈಬಲಿಗೆ ತನಗಿಂತ ಹತ್ತಿರವಿದ್ದರು. ತನ್ನದು ಒಂದೇ ಸಾಲು. ಅದನ್ನು ಎಷ್ಟು ಮಕ್ಕಳ ಬಾಯಲ್ಲಿ ಹೇಳಿಸಿದ್ದಳೋ. ಕೊನೆಗೆ, ಗಂಡನನ್ನು ಮಣ್ಣು ಮಾಡಿ ಬಂದೂ ಎರಡು ವರ್ಷ ಎದುರಿನ ಮೇಜಿನಲ್ಲಿ ನಿಂತ ಹುಡುಗಿಯ ಮುಖಕ್ಕೆ, ದೇವರ ಮಾತೆಂದು ಹೇಳಿ, ಎಸೆದಿದ್ದಳು. ಇದು ಹೊಳೆದಾಗ ನಾಚಿಕೆಯಿಂದ ಒಬ್ಬಳೇ ಕೂತಲ್ಲೇ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಂಗಡಿಯಲ್ಲಿ ನೋಡುವವರು ಯಾರೂ ಇರಲಿಲ್ಲ, ಅಂಗಿಗಳ ಹೊರತು.

ಆಮೇಲೆ ಬೈಬಲನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು, ಬಾಗಿಲೆಳೆದು, ಬಸ್ ನಿಲ್ದಾಣಕ್ಕೆ ಹೋದಳು.

ಸೊಸೆ ಕೂರುತ್ತಿದ್ದದ್ದು ವಿಚಾರಣೆಯ ಕೌಂಟರಿನಲ್ಲಿ. ಗಾಜಿನ ಗೂಡು, ಮಾತಾಡಲು ಗಾಜಿನಲ್ಲೊಂದು ದುಂಡನೆಯ ತೂತು, ಒಳಗೆ ಅವಳ ಮುಂದೊಂದು ಮೈಕು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ ಎಂದು ಅವಳು ಅದರಲ್ಲಿ ಹೇಳಿದರೆ ನಿಲ್ದಾಣವೆಲ್ಲ ಕೇಳಬೇಕು. ಕೌಂಟರಿನ ಮುಂದೆ ಸಾಲಿತ್ತು. ಇಸ್ತ್ರಿ ಅಮ್ಮ ಸಾಲಿನಲ್ಲಿ ನಿಂತಳು. ಅವಳ ಸರದಿ ಬಂದಾಗ ಸೊಸೆ ತಲೆ ಎತ್ತದೆ, "ಎಲ್ಲಿಗೆ?" ಎಂದಳು.

"ಎಲ್ಲಿಗೂ ಇಲ್ಲ" ಎಂದಳು ಇಸ್ತ್ರಿ ಅಮ್ಮ.

ಸೊಸೆ ತಲೆ ಎತ್ತಿದಳು. ಅವಳ ಮೊಣಕೈ ಮೈಕಿನ ಗುಂಡಿಗೆ ತಾಗಿ ಮೈಕು ಆನ್ ಆಯಿತು. ಅದನ್ನು ಇಬ್ಬರೂ ಗಮನಿಸಲಿಲ್ಲ.

"ಆ ಮಾತು ಬೈಬಲ್‌ನಲ್ಲಿ ಇಲ್ಲ ಕಣೇ" ಎಂದಳು ಇಸ್ತ್ರಿ ಅಮ್ಮ, ತೂತಿಗೆ ಬಾಯಿಟ್ಟು. "ನಾನೇ ಬರೆದಿದ್ದು. ಒಬ್ಬಳ ತಾಯಿ ಜಗಳಕ್ಕೆ ಬಂದ್ಲು ಅಂತ ಬರೆದಿದ್ದು. ಒರ್ಫ ಹಾಗೆ ಅನ್ನಲೇ ಇಲ್ಲ. ನಿನಗೆ ಹೇಳ್ಬೇಕಿತ್ತು, ಬಂದೆ."

ಹಿಂದೆ ತಲೆಯ ಮೇಲೆ ಟ್ರಂಕು ಹೊತ್ತು ನಿಂತವನು, "ಅಮ್ಮಾ, ಬೇಗ ಕೇಳಿ, ನನ್ನ ಬಸ್ ಹೋಗುತ್ತೆ" ಎಂದ.

"ನಿಮ್ಮ ಬಸ್ಸಿಗೆ ಇನ್ನೂ ಡ್ರೈವರೇ ಬಂದಿಲ್ಲ, ಸುಮ್ಮನಿರಿ" ಎಂದಳು ಸೊಸೆ. ಅದು ನಿಲ್ದಾಣದ ನಾಲ್ಕೂ ಮೂಲೆಯಲ್ಲಿ ಕೇಳಿಸಿತು. ಆಮೇಲೆ ಅತ್ತೆಯ ಕಡೆ ತಿರುಗಿ, "ನನಗೆ ಗೊತ್ತಿತ್ತು ಅತ್ತೆ" ಎಂದಳು.

"ಏನು ಗೊತ್ತಿತ್ತು?"

"ಅದು ಇಲ್ಲ ಅಂತ. ಆವತ್ತು ನಿಮ್ಮ ಮನೆಯಿಂದ ಹೊರಟೆನಲ್ಲ, ಬಸ್ಸಲ್ಲಿ ಕೂತ್ಕೊಂಡು ತೆಗೆದು ನೋಡಿದೆ. ಇರಲಿಲ್ಲ."

ಇಸ್ತ್ರಿ ಅಮ್ಮ ಗಾಜನ್ನು ಹಿಡಿದುಕೊಂಡಳು. "ಎರಡು ವರ್ಷ ಆಯ್ತು. ಯಾಕೇ ಹೇಳಲಿಲ್ಲ? ಬಂದು ನನ್ನ ಮುಖಕ್ಕೆ ಹಿಡೀಬಾರದಾಗಿತ್ತಾ?"

"ಹೇಳಿ ಏನು ಮಾಡ್ಲಿ? ನಿಮಗೆ ಕೋಪ ಮಾಡ್ಕೊಳ್ಳೋಕೆ ಯಾರಾದ್ರೂ ಬೇಕಿತ್ತು. ನಿಮ್ಮ ಮಗನ ಮೇಲೆ ಮಾಡ್ಕೊಳ್ಳೋಕಾಗುತ್ತಾ, ದೇವರ ಮೇಲೆ ಮಾಡ್ಕೊಳ್ಳೋಕಾಗುತ್ತಾ? ಹೇಗೂ ನಾನು ಹೋಗ್ತಿದ್ದೆ. ಆ ಕೋಪಾನೂ ತಗೊಂಡು ಹೋದೆ."

ಇಸ್ತ್ರಿ ಅಮ್ಮ ಚೀಲದಿಂದ ಬೈಬಲ್ ತೆಗೆದಳು, ಗುರುತಿಟ್ಟ ಪುಟ ಬಿಡಿಸಿದಳು. ಓದಿ ತೋರಿಸಬೇಕೆಂದೇ ತಂದಿದ್ದಳು. ಆದರೆ ಕಣ್ಣು ತುಂಬಿ ಅಕ್ಷರಗಳೆಲ್ಲ ಕಲಸಿಹೋದವು. ಬಾಯಿಪಾಠದ ಮೇಲೆ ಅವಳಿಗೆ ಈಗ ನಂಬಿಕೆಯಿರಲಿಲ್ಲ. ಪುಸ್ತಕ ಮುಚ್ಚಿ, ನೊವೊಮಿ ಹೇಳಿದ್ದನ್ನು ತನಗೆ ಬಂದ ಮಾತಿನಲ್ಲಿ ಹೇಳಿದಳು.

"ಹೋಗು ಮಗಳೇ. ಸತ್ತವನನ್ನೂ ಚೆನ್ನಾಗಿ ನೋಡ್ಕೊಂಡೆ, ನನ್ನನ್ನೂ ಚೆನ್ನಾಗಿ ನೋಡ್ಕೊಂಡೆ. ದೇವರು ನಿನ್ನನ್ನ ಹಾಗೇ ನೋಡ್ಕೊಳ್ಳಲಿ. ಹೊಸ ಗಂಡನ ಮನೆಯಲ್ಲಿ ನಿನಗೆ ನೆಮ್ಮದಿ ಸಿಗಲಿ."

ಆ ಮಾತು ಮೈಕಿನಿಂದ ಹೊರಟು, ಕಂಬಕಂಬದ ಮೇಲಿದ್ದ ಸ್ಪೀಕರುಗಳಿಂದ ಇಳಿದು, ಬೆಂಚುಗಳ ಮೇಲೆ ಕೂತವರಿಗೆ, ಟಿಕೆಟ್ ಹಿಡಿದು ಓಡುತ್ತಿದ್ದವರಿಗೆ, ಮಗುವಿನ ಮೂಗೊರೆಸುತ್ತಿದ್ದವಳಿಗೆ ಕೇಳಿಸಿತು. ಚೀಲಗಳನ್ನು ಹೊತ್ತಿದ್ದ ಕೆಲವು ಹೆಂಗಸರು ನಿಂತು ಮೇಲೆ ನೋಡಿದರು. ಇದು ಯಾವ ಬಸ್ಸಿನ ವಿಷಯ ಎಂದು ಯಾರಿಗೂ ಅರ್ಥವಾಗಲಿಲ್ಲ. ಆದರೂ ಮುಂದಿನ ಮಾತಿಗಾಗಿ ಕಾದರು.

ಮುಂದೆ ಕೇಳಿಸಿದ್ದು ಒಬ್ಬ ಹುಡುಗಿಯ ಅಳು, ಆಮೇಲೆ ಅವಳ ದನಿ: "ಶನಿವಾರ ಬರ್ತೀರಾ ಅತ್ತೆ?"

"ಬರ್ತೀನಿ" ಎಂದಿತು ಇನ್ನೊಂದು ದನಿ. "ನಿನ್ನ ಅಮ್ಮನ ಪಕ್ಕದಲ್ಲೇ ಕೂತ್ಕೊಳ್ತೀನಿ. ಅವನ ವಿಷಯ ಮಾತಾಡೋಕೆ ಮಾತ್ರ ಆಗಾಗ ಬರ್ತಿರು ಕಣೇ. ಒಬ್ಬಳೇ ಮಾತಾಡಿ ಮಾತಾಡಿ, ಯಾವುದು ನಿಜ, ಯಾವುದು ನಾನು ಸೇರಿಸಿದ್ದು ಅಂತ ನನಗೇ ಗೊತ್ತಾಗ್ತಿಲ್ಲ."